ಗುಬ್ಬಿಗೆ ಮೌನ ಕಲಿಸಿದ್ದು

ಮೂವತ್ತನಾಲ್ಕು ವರ್ಷ ಜನರಿಗೆ ಅರಿವಳಿಕೆ ಕೊಟ್ಟು ಮಲಗಿಸಿ, ಮತ್ತೆ ಎಬ್ಬಿಸಿ, ನಿವೃತ್ತಿಯಾದ ಮೇಲೆ ನಾನು ಕೋಚ್ ಆದೆ. ಆಟ ಕಲಿಸುವ ಕೋಚ್ ಅಲ್ಲ, ಡಾಕ್ಟರುಗಳ ಕೋಚ್. ವೈದ್ಯಕೀಯ ಓದು ಮುಗಿಸಿ, ಯಾವುದೋ ಒಂದು ವಿಭಾಗ ಹಿಡಿದು ಇನ್ನೂ ಐದು ವರ್ಷ ತರಬೇತಿ ಪಡೆಯುವ ಎಳೆಯ ಡಾಕ್ಟರುಗಳು ಇರುತ್ತಾರಲ್ಲ, ಅವರು ಪರೀಕ್ಷೆಯಲ್ಲಿ ನಪಾಸಾದರೆ, ಮೇಲಿನವರ ಜೊತೆ ಜಟಾಪಟಿಯಾದರೆ, ಬೆಳಿಗ್ಗೆ ಎದ್ದು ಆಸ್ಪತ್ರೆಗೆ ಬರಲು ಕಾಲೇ ಏಳದಿದ್ದರೆ ನನ್ನ ಬಳಿ ಕಳಿಸುತ್ತಾರೆ. ಮಂಗಳವಾರ ಮತ್ತು ಶುಕ್ರವಾರ ನಾಲ್ಕನೇ ಮಹಡಿಯಲ್ಲಿ, ಹಿಂದೆ ಹಳೆಯ ಎಕ್ಸ್‌ರೇಗಳನ್ನು ತುಂಬಿಡುತ್ತಿದ್ದ ಕೋಣೆಯಲ್ಲಿ ಕೂತು ನಾನು ಅವರ ಮಾತು ಕೇಳುತ್ತೇನೆ. ಎರಡು ಮೆತ್ತನೆಯ ಕುರ್ಚಿ, ಒಂದು ಪುಟ್ಟ ಮೇಜು, ಅಳುವವರಿಗೆಂದು ಒಂದು ಡಬ್ಬಿ ಟಿಶ್ಯೂ. ಎಕ್ಸ್‌ರೇ ಹಿಡಿದು ನೋಡುವ ಬೆಳಕಿನ ಪೆಟ್ಟಿಗೆ ಗೋಡೆಯಲ್ಲಿ ಇನ್ನೂ ಹಾಗೇ ಇದೆ. ಅದನ್ನು ಕೀಳಿಸಲು ಯಾರಿಗೂ ಪುರುಸೊತ್ತಾಗಿಲ್ಲ.

ಈ ಕೆಲಸಕ್ಕೆ ಮೊದಲು ನನಗೂ ಮೂರು ವಾರ ಪಾಠವಾಯಿತು. ಪಾಠ ಹೇಳಿದವನು ನನಗಿಂತ ಮೂವತ್ತು ವರ್ಷ ಚಿಕ್ಕವನು, ಮಾತಾಡುವಾಗ ಎರಡೂ ಕೈಯನ್ನು ಹಿಟ್ಟು ನಾದುವವನ ಹಾಗೆ ಆಡಿಸುತ್ತಿದ್ದ. ಅವನು ಹೇಳಿದ್ದರಲ್ಲಿ ತಲೆಗೆ ಹತ್ತಿದ್ದು ಎರಡೇ ಸಂಗತಿ. ಸಲಹೆ ಕೊಡಬಾರದು. 'ಏನು ಮಾಡಲಿ' ಎಂದು ಎದುರಿನವರು ಕೇಳಿದರೆ 'ನಿನಗೆ ಏನು ಅನ್ನಿಸುತ್ತೆ' ಎಂದು ತಿರುಗಿ ಕೇಳಬೇಕು, ಉತ್ತರ ಅವರೊಳಗಿಂದಲೇ ಬರಬೇಕು. ಇನ್ನೊಂದು, ಕೋಣೆಯಲ್ಲಿ ಆಡಿದ ಮಾತು ಕೋಣೆಯ ಹೊಸಿಲು ದಾಟಬಾರದು. ದಾಟಲೇಬೇಕಾದರೆ ತರಬೇತಿಯಲ್ಲಿರುವವರ ಸಹಿ ಬೇಕು.

ಮನೆಗೆ ಬಂದು ಇದನ್ನು ತಂಗಿಗೆ ಹೇಳಿದೆ. ನಾನು ಮದುವೆಯಾಗಲಿಲ್ಲ, ಅವಳ ಗಂಡ ತೀರಿಕೊಂಡು ಹತ್ತು ವರ್ಷವಾಯಿತು, ಒಂದೇ ಮನೆಯಲ್ಲಿ ಒಬ್ಬರನ್ನೊಬ್ಬರು ಗದರಿಕೊಂಡು ಇದ್ದೇವೆ. ಅವಳು ಆಯುಷ್ಯವಿಡೀ ಚಿಕ್ಕ ಮಕ್ಕಳಿಗೆ ಪಾಠ ಹೇಳಿದವಳು.

"ಅಂದ್ರೆ ಅಕ್ಕ, ಕೇಳಿದ್ದನ್ನೇ ವಾಪಸ್ ಕೇಳೋದಕ್ಕೆ ನಿಂಗೆ ಸರ್ಟಿಫಿಕೇಟ್ ಕೊಟ್ರಾ?" ಎಂದಳು. "ಒಂದನೇ ಕ್ಲಾಸಲ್ಲಿ ಯಾರಾದ್ರೂ ಹಾಗೆ ಮಾಡಿದ್ರೆ ನಾನು ಮೂಲೇಲಿ ನಿಲ್ಲಿಸ್ತಿದ್ದೆ."

ನಾನು ನಕ್ಕೆ. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ನಾಲ್ಕನೇ ಮಹಡಿಯ ಕೋಣೆಯ ಗೋಡೆಗೂ ಏರಿಸಿದೆ.

ಗುಬ್ಬಿ ಬಂದದ್ದು ಎರಡನೇ ವರ್ಷ. ಅದು ಅವಳ ಹೆಸರಲ್ಲ, ಆಪರೇಷನ್ ಥಿಯೇಟರಿನವರು ಇಟ್ಟದ್ದು. ಸಣ್ಣ ಮೈಕಟ್ಟು, ತಲೆಗೆ ಯಾವಾಗಲೂ ಒಂದು ಅಳತೆ ದೊಡ್ಡದಾದ ಟೋಪಿ, ನಿಂತಲ್ಲಿ ನಿಲ್ಲದ ಕಾಲು. ಅದಕ್ಕಿಂತ ಹೆಚ್ಚಾಗಿ ಆ ಬಾಯಿ. ಅರಿವಳಿಕೆ ವಿಭಾಗದಲ್ಲಿ ಅವಳದು ನಾಲ್ಕನೇ ವರ್ಷ. ಕೈಚಳಕ ಚೆನ್ನಾಗಿತ್ತು, ಓದೂ ಇತ್ತು. ಆದರೆ ಕೊನೆಯ ಮೌಖಿಕ ಪರೀಕ್ಷೆಯಲ್ಲಿ ಎರಡು ಸಲ ನಪಾಸಾಗಿದ್ದಳು. ಮೂರನೇ ಸಲವೂ ಹೋದರೆ ತರಬೇತಿಯಿಂದಲೇ ಹೊರಗೆ. ಅವಳನ್ನು ಕಳಿಸಿದ ಚೀಟಿಯಲ್ಲಿ ಪರೀಕ್ಷಕರು ಬರೆದದ್ದನ್ನು ಲಗತ್ತಿಸಿದ್ದರು: ಆತ್ಮವಿಶ್ವಾಸ ಸಾಲದು, ತೀರ್ಮಾನದಲ್ಲಿ ಗೊಂದಲ.

"ಅವ್ರು ಕೇಳಿದ್ರು ಮೇಡಂ, ರೋಗಿ ಬಿ.ಪಿ. ಇಳೀತಿದೆ, ಏನು ಮಾಡ್ತೀಯ ಅಂತ," ಎಂದಳು ಗುಬ್ಬಿ, ಕುರ್ಚಿಯ ತುದಿಯಲ್ಲಿ ಕೂತು. "ನಾನು ಹೇಳ್ದೆ, ಮೊದ್ಲು ಉಸಿರಿನ ಟ್ಯೂಬ್ ನೋಡ್ತೀನಿ, ಟ್ಯೂಬ್ ಸರಿ ಇದೆ ಅಂದ್ಕೊಳ್ಳೋಣ, ಅಲ್ಲ, ಸರಿ ಇಲ್ದೇನೂ ಇರ್ಬಹುದು, ರಕ್ತ ಹೋಗ್ತಿದೆಯಾ ನೋಡ್ತೀನಿ, ಔಷಧಿ ಜಾಸ್ತಿ ಆಯ್ತಾ, ನಾನೇ ಕೊಟ್ನಾ, ಯಾವಾಗ ಕೊಟ್ಟೆ... ಅಷ್ಟರಲ್ಲಿ ಗಂಟೆ ಬಾರಿಸಿಬಿಟ್ರು."

ನನಗೆ ನಗು ತಡೆಯಲಾಗಲಿಲ್ಲ. ಅವಳೂ ನಕ್ಕಳು. ಆಮೇಲೆ ಟಿಶ್ಯೂ ಡಬ್ಬಿಯ ಕಡೆ ಕೈ ಹೋಯಿತು.

ಕೋಚ್ ಆದವರು ಒಮ್ಮೆ ಕೆಲಸದ ಜಾಗಕ್ಕೂ ಹೋಗಿ ನೋಡಬೇಕು. ಹೋದೆ. ಅವತ್ತು ಮೂಗಿನ ಆಪರೇಷನ್. ಮೂಗು, ಬಾಯಿಯ ಆಪರೇಷನ್ನಿನಲ್ಲಿ ರಕ್ತ ಒಳಗೆ ಇಳಿಯದಿರಲಿ ಎಂದು ರೋಗಿಯ ಗಂಟಲಿಗೆ ಒದ್ದೆ ಮಾಡಿದ ಬಟ್ಟೆಯ ಪಟ್ಟಿಯೊಂದನ್ನು ತುರುಕುತ್ತೇವೆ. ಮುಗಿದ ಮೇಲೆ ಉಸಿರಿನ ಟ್ಯೂಬ್ ತೆಗೆಯುವ ಮೊದಲು ಅದನ್ನು ತೆಗೆಯಲೇಬೇಕು. ತೆಗೆಯದಿದ್ದರೆ ಉಸಿರಿನ ದಾರಿಯೇ ಮುಚ್ಚಿಹೋಗುತ್ತದೆ. ಗುಬ್ಬಿ ಬಟ್ಟೆ ಇಟ್ಟದ್ದೇ ತಡ ಶುರುವಾಯಿತು. "ಬಟ್ಟೆ ಒಳಗಿದೆ. ಬಿ.ಪಿ. ನೂರಾ ಹತ್ತು. ಬಟ್ಟೆ ಒಳಗಿದೆ. ಇದ್ಯಾಕೆ ನಾಡಿ ಜಾಸ್ತಿ ಆಯ್ತು, ನೋವಾಗ್ತಿದೆಯಾ, ಸ್ವಲ್ಪ ಕೊಡ್ಲಾ, ಕೊಡ್ತೀನಿ. ಬಟ್ಟೆ ಒಳಗಿದೆ."

ಪಕ್ಕದಲ್ಲಿ ಥಿಯೇಟರ್ ಟೆಕ್ನಿಷಿಯನ್ ನಿಂತಿದ್ದ. ಎಲ್ಲರೂ ಅವನನ್ನು ದೊಡ್ಡಣ್ಣ ಎಂದೇ ಕರೆಯುವುದು. ನನ್ನ ಕಾಲದಿಂದಲೂ ಇರುವವನು, ಯಂತ್ರದ ಒಂದೊಂದು ಸ್ಕ್ರೂವಿನ ಗುಣ ಬಲ್ಲವನು. ಅವನು ಕೈಕೆಲಸ ಬಿಡದೆ, ತಲೆ ಎತ್ತದೆ ಪ್ರತಿಸಲವೂ ಉತ್ತರಿಸುತ್ತಿದ್ದ. "ಒಳಗಿದೆ ಡಾಕ್ಟ್ರಮ್ಮ. ಹತ್ತು ನಿಮಿಷದ ಹಿಂದೆ ಕೊಟ್ರಿ ಡಾಕ್ಟ್ರಮ್ಮ. ಒಳಗಿದೆ."

ಆಪರೇಷನ್ ಮಾಡುತ್ತಿದ್ದ ಸರ್ಜನ್ ಕತ್ತೆತ್ತಿ, "ಆ ರೇಡಿಯೋ ಸ್ವಲ್ಪ ಆಫ್ ಮಾಡ್ತೀರಾ?" ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಗುಬ್ಬಿಯ ಕಿವಿ ಕೆಂಪಾಯಿತು. ಅವಳ ರೋಗ ಇದೇ ಎಂದು ನಾನು ಅಲ್ಲೇ ತೀರ್ಮಾನಿಸಿಬಿಟ್ಟೆ.

ಮುಂದಿನ ಭೇಟಿಯಲ್ಲಿ, ಈ ಅಭ್ಯಾಸ ಎಲ್ಲಿಂದ ಬಂತು ಎಂದು ಕೇಳಿದೆ. ಹಾಗೆ ಕೇಳಬೇಕೆಂದು ಪಾಠದಲ್ಲೇ ಇತ್ತು.

"ಅಪ್ಪ ಮನೆಮನೆಗೆ ಹೋಗಿ ವೈರಿಂಗ್ ಮಾಡ್ತಿದ್ರು," ಎಂದಳು. "ರಜಾ ಇದ್ದಾಗ ನನ್ನನ್ನ ಕರ್ಕೊಂಡು ಹೋಗೋರು. ಅವ್ರು ಒಳಗೆ ಏಣಿ ಮೇಲೆ, ನಾನು ಹೊರಗೆ ಮೇನ್ ಸ್ವಿಚ್ ಹತ್ರ. ಯಾರೂ ಬಂದು ಆನ್ ಮಾಡದ ಹಾಗೆ ಕಾಯೋದು ನನ್ನ ಕೆಲಸ. ಸುಮ್ನೆ ನಿಂತ್ರೆ ಆಗಲ್ಲ. 'ಆಫ್ ಇದೆ ಅಪ್ಪಾ, ಆಫ್ ಇದೆ ಅಪ್ಪಾ' ಅಂತ ಹೇಳ್ತಾನೇ ಇರ್ಬೇಕು. ನನ್ನ ಧ್ವನಿ ನಿಂತ್ರೆ ಅಪ್ಪ ತಂತಿ ಬಿಟ್ಟು ಕೆಳಗಿಳಿದು ಬಂದುಬಿಡೋರು."

ಎಂಥ ಒಳ್ಳೆಯ ಅಪ್ಪ. ಈಗ ಹಾಗನ್ನಿಸುತ್ತದೆ. ಅವತ್ತು ನನಗೆ ಅದು ಬಾಲ್ಯದಿಂದ ಹೊತ್ತುಕೊಂಡು ಬಂದ ಮೂಟೆಯಂತೆ ಕಂಡಿತು. ಇಳಿಸಿಬಿಡಬೇಕು ಅಷ್ಟೆ.

"ಈಗ ನಿಮ್ಮಪ್ಪ ಏಣಿ ಮೇಲಿಲ್ಲ ಕಣಮ್ಮ," ಎಂದೆ ನಾನು. ಏನು ಚೆನ್ನಾಗಿ ಹೇಳಿದೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಮನೆಗೆ ಬಂದು ಡೈರಿಯಲ್ಲೂ ಬರೆದಿಟ್ಟೆ.

ಸಲಹೆ ಕೊಡಬಾರದೆಂಬ ನಿಯಮ ಪರೀಕ್ಷೆಯವರೆಗಿನ ಎರಡೂವರೆ ತಿಂಗಳು ನನಗೆ ನೆನಪೇ ಆಗಲಿಲ್ಲ. ಧಾರಾಳವಾಗಿ ಕೊಟ್ಟೆ. ಬಾಯಿಗೆ ಮಾತು ಬಂತೋ, ಹೆಬ್ಬೆರಳನ್ನು ತೋರುಬೆರಳಿಗೆ ಒತ್ತು. ತುಟಿ ಮುಚ್ಚು. ಮನಸ್ಸಿನಲ್ಲೇ ಮೂರು ಎಣಿಸು. ಎಲ್ಲವನ್ನೂ ಒಳಗೇ ಜೋಡಿಸಿಕೊಂಡು, ಆಮೇಲೆ ಒಂದೇ ಒಂದು ವಾಕ್ಯ ಹೇಳು. 'ಅನ್ಸುತ್ತೆ', 'ಇರ್ಬಹುದು', 'ಅಲ್ವಾ' ಈ ಮೂರೂ ಬಂದ್. ಅವಳು ತಪ್ಪಿದಾಗಲೆಲ್ಲ ನಾನು ಮೇಜನ್ನು ಪೆನ್ನಿನಿಂದ ಕುಟ್ಟುತ್ತಿದ್ದೆ.

"ಪರೀಕ್ಷೇಲಿ ಹೀಗಿರ್ತೀನಿ ಮೇಡಂ. ಥಿಯೇಟರಲ್ಲಿ ನನ್ನ ಪಾಡಿಗೆ ಹೇಳ್ಕೊಳ್ಬಹುದಾ?" ಎಂದು ಕೇಳಿದಳು ಒಂದು ದಿನ.

"ಎರಡು ಬಾಯಿ ಇಟ್ಕೊಂಡು ಓಡಾಡೋಕಾಗುತ್ತಾ? ಅಲ್ಲೂ ಮುಚ್ಚು. ಇಪ್ಪತ್ನಾಲ್ಕು ಗಂಟೆ ಅಭ್ಯಾಸ ಮಾಡಿದ್ರೇ ಬರೋದು."

"ಪರೀಕ್ಷೆ ಮುಗಿದ್ಮೇಲೆ ಮತ್ತೆ ಶುರು ಮಾಡ್ಲಾ?"

ಈ ಮಾತನ್ನು ಅವಳು ತಮಾಷೆಗೆ ಕೇಳಿದಳೆಂದು ತಿಳಿದು ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಅವಳ ಮುಖ ನೋಡಿದ್ದರೆ ತಮಾಷೆಯಲ್ಲವೆಂದು ಗೊತ್ತಾಗುತ್ತಿತ್ತು.

ಅದೇ ದಿನಗಳಲ್ಲಿ ದೊಡ್ಡಣ್ಣ ನಾಲ್ಕನೇ ಮಹಡಿಗೆ ಹತ್ತಿ ಬಂದ. ಕೆಳಗಿನ ಕೆಲಸ ಬಿಟ್ಟು ಮೇಲೆ ಬರುವವನೇ ಅಲ್ಲ. ಬಾಗಿಲಲ್ಲೇ ನಿಂತು, ತಲೆಯ ಟೋಪಿ ಕೈಯಲ್ಲಿ ಹಿಡಿದು, ಗಂಟಲು ಸರಿಮಾಡಿಕೊಂಡ.

"ಮೇಡಂ, ತಪ್ಪು ತಿಳ್ಕೋಬೇಡಿ. ನಮ್ಮ ಡಾಕ್ಟ್ರಮ್ಮ ಈಗ ಮಾತೇ ಆಡ್ತಿಲ್ಲ. ಅವ್ರ ತಲೇಲಿ ಏನು ನಡೀತಿದೆ ಅಂತ ನಮಗೆ ಗೊತ್ತೇ ಆಗಲ್ಲ. ಮೊದ್ಲು ಬೆನ್ನು ತಿರುಗಿಸಿ ನಿಂತ್ರೂ ಎಲ್ಲಾ ಗೊತ್ತಾಗ್ತಿತ್ತು."

"ಅಭ್ಯಾಸ ಆಗುತ್ತೆ ಬಿಡು ದೊಡ್ಡಣ್ಣ. ಬೇಕಾದ್ರೆ ಬಾಯಿಬಿಟ್ಟು ಕೇಳು."

"ಕೇಳೋದು ಬೇರೆ ಮೇಡಂ, ಕಿವಿಗೆ ಬೀಳೋದು ಬೇರೆ," ಎಂದ. ನಾನು ಗಡಿಯಾರ ನೋಡಿದೆ. ಅವನಿಗೆ ಅಷ್ಟು ಸಾಕಾಯಿತು, ಹೊರಟುಹೋದ. ಜೀವಮಾನವೆಲ್ಲ ಇಂಥವರ ಕಿವಿಯನ್ನು ನಂಬಿ ಕೆಲಸ ಮಾಡಿದವಳು ನಾನು. ಅವನನ್ನು ಒಳಗೆ ಕರೆದು ಕೂರಿಸಿ ಇನ್ನೊಂದು ಮಾತು ಕೇಳಲಿಲ್ಲ. ಆ ಸೊಕ್ಕು ಎಲ್ಲಿಂದ ಬಂತೋ.

ಗುಬ್ಬಿ ಪಾಸಾದಳು. ಬರೀ ಪಾಸಲ್ಲ, ಪರೀಕ್ಷಕರೊಬ್ಬರು ವಿಭಾಗದ ಮುಖ್ಯಸ್ಥರಿಗೆ ಫೋನ್ ಮಾಡಿ, ಅದೇ ಹುಡುಗಿಯೇ ಇದು ಎಂದು ಕೇಳಿದರಂತೆ. ಮುಖ್ಯಸ್ಥರು ನನ್ನನ್ನು ಕರೆದು ಹೊಸ ಕೋಚ್‌ಗಳ ಮುಂದೆ ಮಾತಾಡಿಸಿದರು. ನಾನು ಹೆಸರು ಹೇಳದೆ 'ಒಬ್ಬ ತರಬೇತಿ ವೈದ್ಯೆ' ಎಂದು ಶುರುಮಾಡಿ, ಅರ್ಧ ಗಂಟೆ ನನ್ನ ತುತ್ತೂರಿ ನಾನೇ ಊದಿದೆ. ಮಾತು ಕೋಣೆ ದಾಟಬಾರದೆಂಬ ನಿಯಮ ಅವತ್ತು ಅಡ್ಡ ಬರಲಿಲ್ಲ ನೋಡಿ.

ಐದು ತಿಂಗಳಾದ ಮೇಲೆ, ಒಂದು ಬುಧವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅದು ಆಯಿತು. ರೋಗಿ ಒಬ್ಬ ದರ್ಜಿ, ನಲವತ್ತೊಂದು ವರ್ಷ, ಮೂಗಿನ ಮೂಳೆ ಸರಿಪಡಿಸುವ ಚಿಕ್ಕ ಆಪರೇಷನ್. ಗಂಟಲಿಗೆ ಬಟ್ಟೆ ಬೇಕಾಗಲಾರದು ಎಂದುಕೊಂಡಿದ್ದರು. ನಡುವೆ ರಕ್ತ ಜಾಸ್ತಿಯಾಗಿ ಸರ್ಜನ್ ಕೇಳಿದ, ಗುಬ್ಬಿ ಇಟ್ಟಳು. ಇಟ್ಟದ್ದನ್ನು ಗೋಡೆಯ ಬೋರ್ಡಿನಲ್ಲಿ ಬರೆಯಬೇಕು. ಬರೆಯುವ ನರ್ಸ್ ಆಗಷ್ಟೇ ಏನೋ ತರಲು ಹೊರಗೆ ಹೋಗಿದ್ದಳು. ದೊಡ್ಡಣ್ಣನನ್ನು ಪಕ್ಕದ ಥಿಯೇಟರಿನ ಯಂತ್ರ ಕೂಗಿಕೊಳ್ಳುತ್ತಿದೆಯೆಂದು ಕರೆದಿದ್ದರು. ಅವರು ಬಂದ ಮೇಲೆ ಹೇಳಿದರಾಯಿತು ಎಂದು ಗುಬ್ಬಿ ಬೆರಳಿಗೆ ಬೆರಳು ಒತ್ತಿ ಮನಸ್ಸಿನಲ್ಲಿ ಇಟ್ಟುಕೊಂಡಳು. ಇಬ್ಬರೂ ಬಂದರು. ಅಷ್ಟರಲ್ಲಿ ಬಿ.ಪಿ. ಏರುಪೇರಾಯಿತು, ಅದರ ಕಡೆ ಗಮನ ಹೋಯಿತು. ಆಮೇಲೆ ನಲವತ್ತು ನಿಮಿಷ ಆ ಥಿಯೇಟರಿನಲ್ಲಿ ಯಾರ ಬಾಯಿಂದಲೂ ಬಟ್ಟೆ ಎಂಬ ಶಬ್ದ ಬರಲಿಲ್ಲ.

ಸರ್ಜನ್ ತನ್ನ ಕೆಲಸ ಮುಗಿಸಿ ಹೊರಟುಹೋದ. ಟ್ಯೂಬ್ ತೆಗೆದ ಮೇಲೆ ದರ್ಜಿಗೆ ಉಸಿರು ಎಳೆಯಲಾಗಲಿಲ್ಲ. ಗಂಟಲು ಬಿಗಿದಿದೆ ಎಂದು ತಿಳಿದು ಗುಬ್ಬಿ ಅದಕ್ಕೆ ಬೇಕಾದದ್ದನ್ನೆಲ್ಲ ಮಾಡಿದಳು. ದೊಡ್ಡಣ್ಣನಿಗೂ ಹಾಗೇ ಕಂಡಿತು. ಬಟ್ಟೆ ಇಟ್ಟದ್ದೇ ಅವನಿಗೆ ಗೊತ್ತಿಲ್ಲವಲ್ಲ. ಹೊರಗೆ ಕಾಣಬೇಕಾದ ಅದರ ತುದಿಯೂ ಒಳಗೆ ಜಾರಿತ್ತು. ಅವಳಿಗೆ ನೆನಪಾಗಿ, ಕೈಹಾಕಿ ಎಳೆದು ತೆಗೆಯುವ ಹೊತ್ತಿಗೆ ನಾಲ್ಕು ನಿಮಿಷ ಮೀರಿತ್ತು, ಹೃದಯವೂ ನಿಂತಿತ್ತು. ಒತ್ತಿ ಒತ್ತಿ ಮತ್ತೆ ಶುರುಮಾಡಿದರು. ಮನುಷ್ಯ ಬದುಕಿಕೊಂಡ. ಮಿದುಳಿಗೆ ಮಾತ್ರ ಪೆಟ್ಟಾಗಿಹೋಗಿತ್ತು.

ಸುದ್ದಿ ಅವತ್ತೇ ನನಗೂ ಮುಟ್ಟಿತು. ಯಾರೋ ಒಬ್ಬರು ಯಾವಾಗಲೂ ಏಣಿಯ ಮೇಲೆ ಇದ್ದೇ ಇರುತ್ತಾರೆ, ನಮ್ಮ ಕೆಲಸವೇ ಅದು. ಇದು ನನಗೆ ಆ ಕ್ಷಣವೇ ಹೊಳೆಯಿತು. ಹೊಳೆದದ್ದನ್ನು ಯಾರ ಮುಂದೆಯೂ ಆಡಲಿಲ್ಲ.

ವಿಚಾರಣಾ ಸಮಿತಿ ಕೂರುವ ನಾಲ್ಕು ದಿನ ಮೊದಲು ಗುಬ್ಬಿ ನನ್ನ ಕೋಣೆಗೆ ಬಂದಳು. ಕುರ್ಚಿಯ ತುದಿಯಲ್ಲಲ್ಲ, ನೆಟ್ಟಗೆ ಕೂತಳು. ನಾನೇ ಕಲಿಸಿದ ಕೂರುವ ರೀತಿ.

"ಮೇಡಂ, ಮೊದ್ಲಿನ ಹಾಗೆ ಬಾಯಲ್ಲಿ ಹೇಳ್ಕೊಳ್ತಾ ಇದ್ದಿದ್ರೆ ದೊಡ್ಡಣ್ಣನಿಗೆ ಗೊತ್ತಾಗ್ತಿತ್ತು. ಯಾಕೆ ನಿಲ್ಸಿದೆ ಅಂತ ಸಮಿತಿ ಮುಂದೆ ಹೇಳ್ಲಾ? ನೀವೇ ಹೇಳಿ, ನಂಗೆ ಗೊತ್ತಾಗ್ತಿಲ್ಲ."

ಹೇಳು ಎನ್ನಬಹುದಿತ್ತು. ನಾನೇ ಬಂದು ಹೇಳ್ತೀನಿ ಎನ್ನಬಹುದಿತ್ತು. ಎರಡೂ ನಾಲಿಗೆಯ ತುದಿಯಲ್ಲೇ ಇದ್ದವು. ಆದರೆ ಗೋಡೆಯ ಮೇಲಿನ ಕಟ್ಟು ಹಾಕಿಸಿದ ಸರ್ಟಿಫಿಕೇಟು, ಆ ಅರ್ಧ ಗಂಟೆಯ ಭಾಷಣ, ಮುಖ್ಯಸ್ಥರ ಹೊಗಳಿಕೆ, ಈ ವಯಸ್ಸಿನಲ್ಲಿ ನನಗೆ ಉಳಿದಿದ್ದ ವಾರಕ್ಕೆ ಎರಡು ದಿನದ ಈ ಮರ್ಯಾದೆ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಆಗ ನೋಡಿ, ಮರೆತೇಹೋಗಿದ್ದ ನಿಯಮ ಅಚ್ಚುಕಟ್ಟಾಗಿ ನೆನಪಾಯಿತು.

"ನಿನಗೆ ಏನು ಅನ್ನಿಸುತ್ತೆ?" ಎಂದೆ.

ಅವಳು ನನ್ನನ್ನು ನೋಡಿದಳು. ಸಿಟ್ಟಿನಿಂದಲ್ಲ, ಸಿಟ್ಟಾಗಿದ್ದರೆ ತಾಳಿಕೊಳ್ಳುತ್ತಿದ್ದೆ. ಹೆಬ್ಬೆರಳು ತೋರುಬೆರಳಿಗೆ ಒತ್ತಿತು. ತುಟಿ ಮುಚ್ಚಿತು. "ಹೇಳಲ್ಲ," ಎಂದು ಒಂದೇ ಮಾತು ಹೇಳಿ ಎದ್ದು ಹೋದಳು.

ಸಮಿತಿಯ ಕೋಣೆಯಲ್ಲಿ ಉದ್ದನೆಯ ಮೇಜಿನ ಆ ಕಡೆ ಐದು ಜನ, ಈ ಕಡೆ ಗುಬ್ಬಿ. ಬೆಂಬಲಕ್ಕೆಂದು ಕೋಚ್ ಪಕ್ಕದಲ್ಲಿ ಕೂರಬಹುದು, ಕೂತೆ. ಅವಳು ನಡೆದದ್ದನ್ನು ಒಂದರ ಹಿಂದೆ ಒಂದು ಹೇಳಿದಳು. ಎಲ್ಲೂ ತಡವರಿಸಲಿಲ್ಲ. ಪ್ರತಿ ವಾಕ್ಯವೂ ನಾನು ಪೆನ್ನು ಕುಟ್ಟಿ ಕುಟ್ಟಿ ತಿದ್ದಿದ ವಾಕ್ಯದ ಹಾಗೇ ಇತ್ತು. ಸಮಿತಿಯಲ್ಲಿದ್ದ ಒಬ್ಬರು ಪಕ್ಕದವರ ಕಿವಿಯಲ್ಲಿ ಏನೋ ಅಂದರು. ಆ ಹುಡುಗಿಗೆ ಒಂದಿಷ್ಟಾದರೂ ಪಶ್ಚಾತ್ತಾಪ ಇದೆಯೇ ಎಂದೇ ಇರಬೇಕು. ಅಳುವವರನ್ನು ಕ್ಷಮಿಸುವುದು ಸುಲಭ. ನಾನು ಅವಳಿಗೆ ಅಳುವ ದಾರಿಯನ್ನೂ ಉಳಿಸಿರಲಿಲ್ಲ.

ಅಧ್ಯಕ್ಷರು ವಯಸ್ಸಾದವರು, ಒಳ್ಳೆಯವರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕೇಳಿದರು. "ನಿಮ್ಮ ಟೆಕ್ನಿಷಿಯನ್ ಹೇಳ್ತಾರೆ, ಮೊದಲು ನೀವು ಎಲ್ಲಾ ಬಾಯಿಬಿಟ್ಟು ಹೇಳ್ಕೊಂಡು ಕೆಲಸ ಮಾಡ್ತಿದ್ರಂತೆ, ಬಟ್ಟೆ ಇಟ್ಟಿದ್ದನ್ನೂ. ಈಚೆಗೆ ನಿಲ್ಸಿದ್ರಂತೆ. ಯಾರಾದ್ರೂ ನಿಲ್ಸು ಅಂತ ಹೇಳಿದ್ರಾ? ಹೇಳಿದ್ರೆ ಈ ವಿಷಯವನ್ನ ನಾವು ಬೇರೆ ಥರ ನೋಡ್ಬೇಕಾಗುತ್ತೆ."

ಬಾಗಿಲು ಅಷ್ಟಗಲ ತೆರೆದು ಹಿಡಿದಿದ್ದರು ಪುಣ್ಯಾತ್ಮರು.

"ಇಲ್ಲ ಸರ್. ನಾನೇ ನಿಲ್ಲಿಸಿದೆ," ಎಂದಳು ಗುಬ್ಬಿ.

ಅಧ್ಯಕ್ಷರು ನನ್ನ ಕಡೆ ತಿರುಗಿದರು. "ನೀವು ಏನಾದ್ರೂ ಹೇಳೋದಿದೆಯಾ ಮೇಡಂ?"

"ಕೋಣೆಯಲ್ಲಿ ಆಡಿದ ಮಾತನ್ನ ನಾನು ಹೊರಗೆ ಹೇಳೋ ಹಾಗಿಲ್ಲ," ಎಂದೆ.

ಅವರು ಗೌರವದಿಂದ ತಲೆಯಾಡಿಸಿದರು. ಪಕ್ಕದಲ್ಲಿ ಗುಬ್ಬಿ ಅಲುಗಾಡಲಿಲ್ಲ. ನನ್ನ ಕಣ್ಣು ಎದುರಿಗಿದ್ದ ನೀರಿನ ಲೋಟದ ಮೇಲಿತ್ತು. ಅವಳ ಮುಖ ನೋಡುವ ಧೈರ್ಯ ನನಗೆ ಆಗ ಬರಲಿಲ್ಲ.

ಹತ್ತು ದಿನಕ್ಕೆ ತೀರ್ಪು ಬಂತು. ಸಾಧಾರಣ ಡಾಕ್ಟರಾಗಿ ಕೆಲಸ ಮಾಡಬಹುದು, ಅರಿವಳಿಕೆಯ ತರಬೇತಿ ಅಲ್ಲಿಗೇ ರದ್ದು. ತಪ್ಪನ್ನು ಒಪ್ಪಿಕೊಂಡರೂ ಅದರ ಕಾರಣ ಅವಳಿಗೆ ಅರ್ಥವಾದಂತೆ ಕಾಣುವುದಿಲ್ಲ ಎಂದು ಬರೆದಿದ್ದರು. ಅದನ್ನು ಓದಿದ ರಾತ್ರಿ ನಾನು ಊಟ ಬಿಟ್ಟೆ. ತಂಗಿ ಏನಾಯಿತೆಂದು ಕೇಳಿದಳು, ಹೊಟ್ಟೆ ಸರಿಯಿಲ್ಲ ಎಂದೆ. ಅವಳ ಮುಂದೆ ಸುಳ್ಳು ಹೇಳಿ ದಕ್ಕಿಸಿಕೊಂಡದ್ದು ಅದೇ ಮೊದಲು.

ಎರಡು ತಿಂಗಳು ಕಳೆದ ಮೇಲೆ, ಒಂದು ಮಧ್ಯಾಹ್ನ, ಕೋಟಿನ ತೋಳು ಗಿಡ್ಡ ಮಾಡಿಸುವ ನೆಪ ಮಾಡಿಕೊಂಡು ಆ ದರ್ಜಿಯ ಅಂಗಡಿಗೆ ಹೋದೆ. ಒಂದೇ ಬಾಗಿಲಿನ ಅಂಗಡಿ, ಎರಡು ಹೊಲಿಗೆ ಯಂತ್ರ, ಕೆಳಗೆಲ್ಲ ಚೂರುಬಟ್ಟೆ. ದರ್ಜಿ ನಗುಮುಖದವನು. ಟೇಪು ಹಿಡಿದು ನನ್ನ ತೋಳು ಅಳೆದ. ಅಳತೆ ಓದಿದ. ಪುಸ್ತಕದ ಕಡೆ ತಿರುಗಿ, ಪೆನ್ಸಿಲ್ ಎತ್ತಿಕೊಂಡು, ಹಾಗೇ ನಿಂತ. ಮತ್ತೆ ಬಂದು ಅಳೆದ. ಮತ್ತೆ ತಿರುಗಿದ. ಮೂರನೇ ಸಲ ನನ್ನ ಮುಂದೆ ಬಂದಾಗ ಅವನ ಹಣೆಯಲ್ಲಿ ಬೆವರಿತ್ತು. ಹೆಂಡತಿ ಯಂತ್ರ ಬಿಟ್ಟು ಎದ್ದು ಬಂದು, ಏನೂ ಆಗಿಲ್ಲವೆಂಬಂತೆ ಪುಸ್ತಕ ತೆಗೆದುಕೊಂಡಳು.

"ಆಪರೇಷನ್ ಆದ್ಮೇಲೆ ಹೀಗೆ," ಎಂದಳು, ಅವನು ಒಳಗೆ ಹೋದ ಮೇಲೆ. "ಆ ಡಾಕ್ಟ್ರ ಹುಡುಗಿ ಬಂದಿತ್ತು. ಅದೋ ಆ ಸ್ಟೂಲ್ ಮೇಲೆ ಕೂತು, ಏನು ಮಾಡ್ದೆ, ಹೇಗೆ ಮರೆತೆ, ಎಲ್ಲಾ ಬಿಡಿಸಿ ಹೇಳ್ತು. ಇವ್ರು ಕೇಳಿಸ್ಕೊಂಡ್ರು, ಆಯ್ತು ಬಿಡಮ್ಮ ಅಂದ್ರು. ಮಾರನೇ ವಾರ ಬಂದಾಗ ಇವ್ರಿಗೆ ಏನೂ ನೆನಪಿಲ್ಲ, ಯಾರಮ್ಮ ನೀನು ಅಂದ್ರು. ಅದು ಮತ್ತೆ ಮೊದ್ಲಿಂದ ಹೇಳ್ತು. ಬಂದಾಗೆಲ್ಲ ಹೇಳುತ್ತೆ. ನಂಗೆ ಮೊದ್ಲು ಮೈಯೆಲ್ಲ ಉರೀತಿತ್ತು. ಈಗ ಏನು ಅನ್ಲಿ, ಒಂದು ಲೋಟ ನೀರು ಕೊಡ್ತೀನಿ."

ನಾನು ಯಾರೆಂದು ಅವಳಿಗೆ ಹೇಳಬೇಕಿತ್ತು. ಕೋಟು ಯಾವಾಗ ಸಿಗುತ್ತೆ ಎಂದು ಕೇಳಿ ಹೊರಬಿದ್ದೆ.

ಆದರೆ ಆ ರಸ್ತೆ ದಾಟುವಾಗಲೇ ನನ್ನ ಬಗ್ಗೆ ನನಗೇ ನಾಚಿಕೆಯಾಯಿತು. ಮನೆಗೆ ಬಂದು ಸಮಿತಿಗೆ ಒಂದು ಪತ್ರ ಬರೆದೆ, ಮೂರು ಪುಟ. ನಾನು ಏನು ಕಲಿಸಿದೆ, ಅವಳು ಏನು ಕೇಳಿದಳು, ದೊಡ್ಡಣ್ಣ ಬಂದು ಹೇಳಿದಾಗ ಹೇಗೆ ಗಡಿಯಾರ ನೋಡಿದೆ, ವಿಚಾರಣೆಯಲ್ಲಿ ಹೇಗೆ ನುಣುಚಿಕೊಂಡೆ, ಒಂದನ್ನೂ ಬಿಡಲಿಲ್ಲ. ತಂಗಿಗೆ ಓದಿ ಹೇಳಿದೆ. ಅವಳು "ಮೊದ್ಲೇ ಬರೀಬೇಕಿತ್ತು ಅಕ್ಕ," ಎಂದಳಷ್ಟೆ. ಕೊನೆಯ ಪುಟದ ಕೆಳಗೆ ಗೆರೆ ಎಳೆದು, ಅದರ ಕೆಳಗೆ ಗುಬ್ಬಿಯ ಸಹಿಗೆ ಜಾಗ ಬಿಟ್ಟೆ. ಕೋಣೆಯ ಮಾತು ಹೊರಗೆ ಹೋಗಬೇಕಾದರೆ ಅವಳ ಒಪ್ಪಿಗೆ ಬೇಕಲ್ಲ.

ಗುಬ್ಬಿ ಊರಾಚೆಯ ಒಂದು ಕ್ಲಿನಿಕ್ಕಿನಲ್ಲಿ ಕೆಲಸಕ್ಕೆ ಸೇರಿದ್ದಳು. ಜ್ವರ, ಕೆಮ್ಮು, ಗಾಯಕ್ಕೆ ಕಟ್ಟು. ಹೊರಗೆ ಬೆಂಚಿನ ತುಂಬ ಜನ. ನಾನೂ ಚೀಟಿ ತೆಗೆದುಕೊಂಡು ಸರದಿಗೆ ಕಾದು ಒಳಗೆ ಹೋದೆ. ನನ್ನನ್ನು ಕಂಡು ಎದ್ದು ನಿಂತಳು, ರೋಗಿಯ ಕುರ್ಚಿ ತೋರಿಸಿ ಕೂರಿಸಿದಳು. ಕೂದಲು ಗಿಡ್ಡ ಮಾಡಿಸಿದ್ದಳು. ಮೇಜಿನ ಮೇಲೆ ಎಲ್ಲವೂ ಸಾಲಾಗಿ ಜೋಡಿಸಿತ್ತು.

ಪತ್ರ ಕೊಟ್ಟೆ. ಅವಳು ಮೂರು ಪುಟವನ್ನೂ ನಿಧಾನವಾಗಿ ಓದಿದಳು. ಒಂದು ಕಡೆ ಪೆನ್ನು ತೆಗೆದು ತಾರೀಕು ತಿದ್ದಿದಳು, ನಾನು ಒಂದು ದಿನ ತಪ್ಪು ಬರೆದಿದ್ದೆ.

"ಎಲ್ಲಾ ಸರಿಯಾಗಿದೆ ಮೇಡಂ."

"ತಪ್ಪಾಯ್ತು ಕಣೇ," ಎಂದೆ. ಬರುವಾಗ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಅದೊಂದೇ ಉಳಿದಿತ್ತು. "ಅವತ್ತು ಅಧ್ಯಕ್ಷರು ಕೇಳಿದಾಗ ನೀನ್ಯಾಕೆ ನನ್ನ ಹೆಸರು ಹೇಳ್ಲಿಲ್ಲ?"

"ನೀವು ಪಕ್ಕದಲ್ಲೇ ಕೂತಿದ್ರಲ್ಲ. ನೀವೇ ಹೇಳ್ತೀರ ಅಂದ್ಕೊಂಡಿದ್ದೆ." ಮಾತಿನಲ್ಲಿ ಬಿಸಿ ಇರಲಿಲ್ಲ, ಯಾರದೋ ವರದಿ ಓದಿದ ಹಾಗಿತ್ತು. "ಕೆಲಸ ಉಳೀತಿತ್ತೋ ಇಲ್ವೋ, ಅದು ಬೇರೆ. ಆ ಮೇಜಿನ ಈ ಕಡೆ ನಾವಿಬ್ರು ಇದೀವಿ ಅಂತ ನಂಬಿದ್ದೆ."

ನಾನು ಕಣ್ಣೊರೆಸಿಕೊಂಡೆ. ಅವಳು ಮೇಜಿನ ಆಚೆಯಿಂದ ಹತ್ತಿಯ ಉಂಡೆ ದೂಡಿದಳು, ಟಿಶ್ಯೂ ಇರಲಿಲ್ಲ. ನಾನು ಪತ್ರದ ಕೊನೆಯ ಪುಟ ತಿರುಗಿಸಿ, ಗೆರೆಯ ಕೆಳಗಿನ ಜಾಗ ತೋರಿಸಿದೆ. "ಇಲ್ಲೊಂದು ಸಹಿ ಮಾಡು. ಮಾಡಿದ್ರೆ ಇವತ್ತೇ ಕಳಿಸ್ತೀನಿ."

ಅವಳು ಗೆರೆಯನ್ನು ನೋಡಿದಳು. ನನ್ನನ್ನು ನೋಡಿದಳು. ಅರ್ಥವಾಗದೆ ಕೇಳುವವಳ ಹಾಗೆ ಹುಬ್ಬು ಗಂಟಾಯಿತು.

"ಇದ್ರಲ್ಲಿರೋದೆಲ್ಲ ನೀವು ಮಾಡಿದ್ದು. ನೀವು ಮಾಡಿದ ತಪ್ಪು ಹೇಳೋಕೆ ನನ್ನ ಸಹಿ ಯಾಕೆ ಬೇಕು ಮೇಡಂ?"

ಬಾಗಿಲ ಹೊರಗೆ ಒಂದು ಮಗು ಕೆಮ್ಮುತ್ತಿತ್ತು. ಅವಳು ಮುಂದಿನ ಚೀಟಿಯ ನಂಬರ್ ಕರೆದಳು. ತಾಯಿ ಮಗುವನ್ನೆತ್ತಿಕೊಂಡು ಒಳಗೆ ಬಂದು, ಕೂರಲು ಜಾಗವಿಲ್ಲದೆ ನಿಂತಳು. ನಾನು ಕುರ್ಚಿ ಬಿಟ್ಟು ಎದ್ದೆ.

ಪತ್ರವನ್ನು ಅವತ್ತೇ ಕಳಿಸಿದೆ, ಅವಳ ಸಹಿಯಿಲ್ಲದೆ. ಅದು ಸಮಿತಿಯ ಕೈಸೇರುವ ಹೊತ್ತಿಗೆ ತರಬೇತಿಯಲ್ಲಿ ಅವಳ ಜಾಗಕ್ಕೆ ಬೇರೊಬ್ಬರನ್ನು ತೆಗೆದುಕೊಂಡು ಏಳು ವಾರವಾಗಿತ್ತು.